ಜ್ವರ ಬಿಟ್ಟ ದಿನವೇ ಎಚ್ಚರ ಬೇಕು

ಮನೆಯಲ್ಲಿ ಯಾರಿಗಾದರೂ ಡೆಂಗಿ ಎಂದು ಗೊತ್ತಾದ ಕೂಡಲೇ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ ಮಾತು: ‘ಪ್ಲೇಟ್‌ಲೆಟ್ ಎಷ್ಟಿದೆ?’ ಬೆಳಿಗ್ಗೆ ತೊಂಬತ್ತು ಸಾವಿರ ಇದ್ದದ್ದು ಸಂಜೆಗೆ ಅರವತ್ತಕ್ಕೆ ಇಳಿದರೆ ಮನೆಮಂದಿಯ ಜೀವ ಬಾಯಿಗೆ ಬರುತ್ತದೆ. ರಕ್ತನಿಧಿಗೆ ಓಡುವವರು ಕೆಲವರು, ಪರಂಗಿ ಎಲೆ ಹುಡುಕಿ ಹೊರಡುವವರು ಕೆಲವರು. ಇಷ್ಟೆಲ್ಲ ಗಡಿಬಿಡಿಯ ನಡುವೆ, ಹಾಸಿಗೆ ಹಿಡಿದವರು ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋದರು ಎಂದು ಯಾರೂ ಕೇಳಿರುವುದಿಲ್ಲ. ಡೆಂಗಿಯಲ್ಲಿ ಜೀವ ಉಳಿಸುವ ಪ್ರಶ್ನೆ ಅದು.

ಡೆಂಗಿ ಬಂದವರಲ್ಲಿ ಬಹುಪಾಲು ಜನ ವಾರ, ಹತ್ತು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಸೋಂಕು ತಗುಲಿದ ಎಷ್ಟೋ ಮಂದಿಗೆ ಅದು ಬಂದು ಹೋದದ್ದೇ ತಿಳಿಯುವುದಿಲ್ಲ. ಪರಿಸ್ಥಿತಿ ಬಿಗಡಾಯಿಸುವುದು ಕೆಲವರಲ್ಲಿ ಮಾತ್ರ. ಅವರನ್ನೂ ಬೇಗ ಗುರುತಿಸಿ ಸರಿಯಾದ ಚಿಕಿತ್ಸೆ ಕೊಟ್ಟರೆ ಸಾವಿನ ಪ್ರಮಾಣ ಶೇ 1ಕ್ಕಿಂತ ಕೆಳಗಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಗ ಗುರುತಿಸುವುದು ಎಂದರೆ ಯಾವಾಗ, ಏನನ್ನು ನೋಡಿ? ಜ್ವರ 103 ಡಿಗ್ರಿ ಇರುವಾಗ ಎಲ್ಲರೂ ಸುತ್ತಲೇ ಇರುತ್ತಾರೆ. ನಾಲ್ಕನೆಯ ದಿನವೋ ಐದನೆಯ ದಿನವೋ ಮೈ ತಣ್ಣಗಾಗುತ್ತಿದ್ದಂತೆ ‘ಸದ್ಯ, ಬಿಟ್ಟಿತಲ್ಲ’ ಎಂದು ಒಬ್ಬರು ಆಫೀಸಿಗೆ, ಇನ್ನೊಬ್ಬರು ತೋಟಕ್ಕೆ ಹೊರಟುಬಿಡುತ್ತಾರೆ. ಡೆಂಗಿಯ ಅಪಾಯದ ಗಳಿಗೆ ಶುರುವಾಗುವುದು ಆಗಲೇ.

ಒಳಗೆ ಏನಾಗುತ್ತದೆ

ನಮ್ಮ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪ್ಲಾಸ್ಮಾ ಎಂಬ ತಿಳಿಹಳದಿ ದ್ರವ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲವೂ ಅದರಲ್ಲಿ ತೇಲುತ್ತಿರುತ್ತವೆ. ಕೂದಲಿಗಿಂತ ಸಪೂರವಾದ ಲೋಮನಾಳಗಳ ಗೋಡೆಯಲ್ಲಿ ಇರುವುದು ಜೀವಕೋಶಗಳ ಒಂದೇ ಒಂದು ಪದರ. ಬೇಕಾದಷ್ಟನ್ನು ಹೊರಬಿಟ್ಟು ಉಳಿದದ್ದನ್ನು ನಾಳದೊಳಗೇ ಹಿಡಿದಿಡುವುದು ಅದರ ಕೆಲಸ. ಡೆಂಗಿ ವೈರಸ್ ಹೊಕ್ಕ ಜೀವಕೋಶಗಳು ರಕ್ತಕ್ಕೆ ಬಿಡುವ ಎನ್‌ಎಸ್1 ಎಂಬ ಪ್ರೋಟೀನು, ವೈರಸ್ಸನ್ನು ಎದುರಿಸಲು ನಮ್ಮದೇ ದೇಹ ಸುರಿಸುವ ರಾಸಾಯನಿಕಗಳು, ಇವೆರಡೂ ಸೇರಿ ಆ ಗೋಡೆಯ ಬಿಗಿಯನ್ನು ಸಡಿಲಿಸುತ್ತವೆ. ಹೊಸ ಮಣ್ಣಿನ ಗಡಿಗೆಯ ಮೈಯಿಂದ ನೀರು ಜಿನುಗುವ ಹಾಗೆ ಪ್ಲಾಸ್ಮಾ ನಾಳದಿಂದ ಆಚೆ ಜಿನುಗುತ್ತದೆ. ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ ತುಂಬಿಕೊಳ್ಳುತ್ತದೆ. ಒಂದು ಹನಿ ರಕ್ತವೂ ಹೊರಗೆ ಕಾಣದಿದ್ದರೂ ನಾಳದೊಳಗಿನ ದ್ರವ ಕಡಿಮೆಯಾಗುತ್ತಲೇ ಇರುತ್ತದೆ. ಉಳಿದ ರಕ್ತ ಮಂದವಾಗುತ್ತದೆ. ಮೂತ್ರಪಿಂಡ, ಯಕೃತ್ತು, ಮೆದುಳಿಗೆ ಹರಿಯಬೇಕಾದಷ್ಟು ರಕ್ತ ಹರಿಯುವುದಿಲ್ಲ. ಡೆಂಗಿ ಶಾಕ್ ಎಂದು ವೈದ್ಯರು ಹೇಳುವುದು ಈ ಸ್ಥಿತಿಗೆ.

ರಕ್ತ ಎಷ್ಟು ಮಂದವಾಗಿದೆ ಎಂದು ಹೇಳುವ ಅಂಕಿ ನಿಮ್ಮ ಕೈಯಲ್ಲಿರುವ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ವರದಿಯಲ್ಲೇ ಇದೆ. ಪ್ಲೇಟ್‌ಲೆಟ್ ಸಾಲನ್ನು ಹುಡುಕುವ ಅವಸರದಲ್ಲಿ ನಾವು ಅದನ್ನು ದಾಟಿ ಹೋಗುತ್ತೇವೆ. ಹೆಮಟೋಕ್ರಿಟ್, ಎಚ್‌ಸಿಟಿ ಅಥವಾ ಪಿಸಿವಿ ಎಂದು ಅಲ್ಲಿ ಬರೆದಿರುತ್ತದೆ. ಎರಡನೆಯ ದಿನ 40 ಇದ್ದ ಪಿಸಿವಿ ಐದನೆಯ ದಿನ 48 ಆಗಿದ್ದರೆ ಅದು ಶೇ 20ರ ಏರಿಕೆ. ಅಷ್ಟು ಏರಿತೆಂದರೆ ಪ್ಲಾಸ್ಮಾ ಗಣನೀಯವಾಗಿ ಸೋರಿದೆ ಎಂದೇ ವೈದ್ಯರು ಲೆಕ್ಕ ಹಾಕುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ನಮ್ಮಲ್ಲಿ ರಕ್ತಹೀನತೆ ಇರುವ ಹೆಣ್ಣುಮಕ್ಕಳು ಬಹಳ. ಎಂದಿನ ಪಿಸಿವಿ 30 ಇರುವ ಮಹಿಳೆಗೆ ಅದು 37 ಆದರೆ ವರದಿ ನೋಡಿದವರು ‘ನಾರ್ಮಲ್’ ಎನ್ನುತ್ತಾರೆ. ಆಕೆಯ ದೇಹದ ಮಟ್ಟಿಗೆ ಅದು ದೊಡ್ಡ ಏರಿಕೆ. ಹಾಗಾಗಿ ಡೆಂಗಿಯ ಅನುಮಾನವಿದ್ದರೆ ಜ್ವರದ ಮೊದಲ ಎರಡು ಮೂರು ದಿನದಲ್ಲೇ ಒಂದು ಸಿಬಿಸಿ ಮಾಡಿಸಿ ವರದಿ ಇಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ವೈದ್ಯರಿಗೆ ಅದೇ ಆಧಾರ.

ದಿನ ಎಣಿಸುವ ಲೆಕ್ಕ

ಜ್ವರ ಮೊದಲು ಕಾಣಿಸಿಕೊಂಡ ತಾರೀಖು ಮತ್ತು ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಡೆಂಗಿಯಲ್ಲಿ ಪ್ರತಿಯೊಂದನ್ನೂ ಅಲ್ಲಿಂದಲೇ ಎಣಿಸಬೇಕು.

ಸೋಂಕಿರುವ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಬರುತ್ತದೆ. ಅದು ಇದ್ದಕ್ಕಿದ್ದಂತೆ ಬರುವ ಭಾರಿ ಜ್ವರ. ತಲೆನೋವು, ಕಣ್ಣಾಲಿ ಆಡಿಸಿದರೆ ಕಣ್ಣಿನ ಹಿಂದೆ ನೋವು, ಸೊಂಟ ಮತ್ತು ಮೈಕೈ ಮುರಿದು ಹಾಕಿದಂಥ ನೋವು, ವಾಕರಿಕೆ, ಮುಖ ಕೆಂಪಗಾಗುವುದು. ಮೂಗು ಸೋರುವುದು, ಕೆಮ್ಮು ಸಾಮಾನ್ಯವಾಗಿ ಮುಂದಾಗಿ ಕಾಣುವುದಿಲ್ಲ. ಹೀಗೆ ಎರಡರಿಂದ ಏಳು ದಿನ ಹೋಗಬಹುದು. ಆಮೇಲೆ, ಹೆಚ್ಚಾಗಿ ಮೂರನೆಯ ಮತ್ತು ಏಳನೆಯ ದಿನದ ನಡುವೆ, ಮೈಬಿಸಿ 100 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿಂದ ಮುಂದಿನ 24ರಿಂದ 48 ಗಂಟೆಯೇ ನಿರ್ಣಾಯಕ. ಪ್ಲಾಸ್ಮಾ ಸೋರುವುದಿದ್ದರೆ ಆಗ ಸೋರುತ್ತದೆ. ಅದನ್ನು ದಾಟಿದವರಲ್ಲಿ ನಾಳದ ಗೋಡೆ ತಾನಾಗಿ ಬಿಗಿಯಾಗಿ, ಹೊರಗೆ ಹೋಗಿದ್ದ ದ್ರವ ವಾಪಸು ರಕ್ತಕ್ಕೆ ಸೇರುತ್ತದೆ. ಹಸಿವೆ ಮರಳುತ್ತದೆ, ಮೂತ್ರ ಚೆನ್ನಾಗಿ ಹೋಗುತ್ತದೆ. ಕೈಕಾಲಿನ ಚರ್ಮವೆಲ್ಲ ಕೆಂಪಾಗಿ ನಡುನಡುವೆ ಬಿಳಿ ಮಚ್ಚೆ ಉಳಿದು ತುರಿಕೆ ಬರುವುದೂ ಉಂಟು. ಅದನ್ನು ನೋಡಿ ಅನೇಕರು ಹೆದರುತ್ತಾರೆ. ಅದು ವಾಸಿಯಾಗುತ್ತಿರುವ ಲಕ್ಷಣ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ದೊಡ್ಡವರಿಗೆ 500 ಅಥವಾ 650 ಮಿ.ಗ್ರಾಂ ಮಾತ್ರೆ, ಆರು ಗಂಟೆಗಳ ಅಂತರದಲ್ಲಿ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಮಕ್ಕಳಿಗೆ ತೂಕದ ಲೆಕ್ಕ: ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿ.ಗ್ರಾಂ. ಸಿರಪ್ ಬಾಟಲಿಗಳಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಅಣ್ಣನ ಬಾಟಲಿಯಿಂದ ತಂಗಿಗೆ ಅಂದಾಜಿನ ಮೇಲೆ ಹಾಕಬೇಡಿ. ಮಾತ್ರೆ ನುಂಗಿದರೂ ಜ್ವರ ಪೂರ್ತಿ ಇಳಿಯದಿರುವುದು ಡೆಂಗಿಯಲ್ಲಿ ಸಹಜ. ಅದಕ್ಕಾಗಿ ಮಾತ್ರೆಯ ಮೇಲೆ ಮಾತ್ರೆ ಕೊಟ್ಟರೆ ಮೊದಲೇ ಸೊರಗಿರುವ ಯಕೃತ್ತಿಗೆ ಪೆಟ್ಟು. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ.

‘ಮೈಕೈ ನೋವು ತಡೆಯೋಕಾಗ್ತಿಲ್ಲ, ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ಕೇಳುವ ಅಭ್ಯಾಸವನ್ನು ಮಳೆಗಾಲದ ಮಟ್ಟಿಗಾದರೂ ಬಿಡಲೇಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಮೆಫೆನಾಮಿಕ್ ಆಮ್ಲ, ಆಸ್ಪಿರಿನ್ ಇವೆಲ್ಲ ಹೊಟ್ಟೆಯ ಒಳಪದರವನ್ನು ಕೆರಳಿಸಿ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಇವು ಪ್ಯಾರಾಸಿಟಮಾಲ್ ಜೊತೆ ಸೇರಿದ ಮಾತ್ರೆ, ಸಿರಪ್ಪುಗಳೂ ಇವೆ. ಆದ್ದರಿಂದ ಮೆಡಿಕಲ್ ಶಾಪಿನವರು ಕೊಟ್ಟ ಪಟ್ಟಿಯ ಹಿಂಬದಿಯ ಸಣ್ಣಕ್ಷರ ಓದಿ. ಹೃದಯದ ತೊಂದರೆಗೆ ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸದೆ ತಕ್ಷಣ ವೈದ್ಯರನ್ನು ಕೇಳಬೇಕು. ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಸ್ಟೀರಾಯ್ಡ್‌ನಿಂದ ಲಾಭ ಕಂಡಿಲ್ಲ.

ಮನೆಯಲ್ಲಿ ಮಾಡುವ ಚಿಕಿತ್ಸೆ ಎಂದರೆ ಕುಡಿಸುವುದು. ಬರೀ ನೀರಲ್ಲ, ಉಪ್ಪು ಮತ್ತು ಸಕ್ಕರೆಯ ಅಂಶ ಇರುವಂಥದ್ದು: ಒಆರ್‌ಎಸ್, ಗಂಜಿ, ಉಪ್ಪು ಹಾಕಿದ ನೀರು ಮಜ್ಜಿಗೆ, ಬೇಳೆಕಟ್ಟು, ಎಳನೀರು, ನಿಂಬೆ ಪಾನಕ. ಒಆರ್‌ಎಸ್ ದೊಡ್ಡ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರಿಗೆ ಕದಡಬೇಕು, ಲೋಟಕ್ಕೊಂದು ಚಮಚ ಎಂಬ ಲೆಕ್ಕ ಬೇಡ. ವಾಂತಿ ಬರುವವರಿಗೆ ಲೋಟ ತುಂಬಾ ಕೊಟ್ಟರೆ ನಿಲ್ಲುವುದಿಲ್ಲ. ಐದು ನಿಮಿಷಕ್ಕೊಮ್ಮೆ ಎರಡು ಚಮಚದಂತೆ ಕೊಟ್ಟರೆ ಒಳಗೆ ಉಳಿಯುತ್ತದೆ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರಿಗೆ ಎಷ್ಟು ಕುಡಿಸಬೇಕು, ಎಳನೀರು ಕೊಡಬಹುದೇ ಎಂದು ವೈದ್ಯರನ್ನು ಕೇಳಿಯೇ ಕೊಡಿ. ಬೀಟ್‌ರೂಟ್, ದಾಳಿಂಬೆ ರಸ ಈ ವಾರ ಬೇಡ. ವಾಂತಿಯಲ್ಲೋ ಮಲದಲ್ಲೋ ಕೆಂಪು ಕಂಡರೆ ರಕ್ತವೋ ರಸವೋ ತಿಳಿಯದೆ ಒದ್ದಾಡಬೇಕಾಗುತ್ತದೆ.

ಕುಡಿದದ್ದು ಸಾಕಾಗಿದೆಯೇ ಎಂಬುದಕ್ಕೆ ಅಳತೆ ಮೂತ್ರ. ಕನಿಷ್ಠ ಆರು ಗಂಟೆಗೊಮ್ಮೆ, ತಿಳಿಯಾದ ಬಣ್ಣದಲ್ಲಿ ಹೋಗಬೇಕು. ಕ್ಯಾಲೆಂಡರಿನ ಅದೇ ಹಾಳೆಯಲ್ಲಿ ಹೊತ್ತು ಬರೆಯುತ್ತ ಹೋಗಿ. ಆರು ಗಂಟೆ ಕಳೆದರೂ ಮೂತ್ರ ಇಲ್ಲವೆಂದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ಕಾಯುತ್ತ ಕೂರಬಾರದ ಇನ್ನಷ್ಟು ಲಕ್ಷಣಗಳಿವೆ. ಹೊಟ್ಟೆ ನೋವು, ಅದರಲ್ಲೂ ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿದರೆ ನೋವು, ನಿಲ್ಲದ ವಾಂತಿ, ಒಸಡು, ಮೂಗಿನಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಮುಟ್ಟಿನ ಸ್ರಾವ ಎಂದಿಗಿಂತ ಹೆಚ್ಚಾಗುವುದು, ಉಸಿರಾಟ ಕಷ್ಟವಾಗುವುದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಮಂಕು ಕವಿಯುವುದು ಅಥವಾ ಕಾರಣವಿಲ್ಲದೆ ಸಿಡಿಮಿಡಿ, ಚಡಪಡಿಕೆ. ಮೈ ತಣ್ಣಗಾಗಿ ಕೈಕಾಲು ಬೆವರಿ ಅಂಟಂಟಾದರೆ ಜ್ವರ ಬಿಟ್ಟಿತೆಂದು ಸಮಾಧಾನ ಪಡಬೇಡಿ, ಅದು ಶಾಕ್‌ನ ಬಾಗಿಲು. ಹಸುಗೂಸು ಮೊಲೆ ಹಿಡಿಯದಿದ್ದರೆ, ಮಗು ಆಡುವುದು ಬಿಟ್ಟು ಸುಮ್ಮನೆ ಮಲಗಿದ್ದರೆ ಅಷ್ಟೇ ಸಾಕು ಹೊರಡಲು. ಗರ್ಭಿಣಿಯರು, ವರ್ಷದೊಳಗಿನ ಶಿಶುಗಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು, ತೂಕ ವಿಪರೀತ ಇರುವವರನ್ನು ಈ ಯಾವುದೂ ಕಾಣಿಸುವ ಮೊದಲೇ ವೈದ್ಯರಿಗೆ ತೋರಿಸಿ.

ಮನೆಯಲ್ಲೇ ನೋಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ರೋಗಿಯ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಬೆರಳ ತುದಿಯ ಉಗುರನ್ನು ಐದು ಸೆಕೆಂಡು ಒತ್ತಿ ಬಿಡಿ. ಬೆಳ್ಳಗಾದ ಉಗುರಿನಡಿ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ತಡವಾದರೆ ಬೆರಳ ತುದಿಗೆ ರಕ್ತ ಸರಿಯಾಗಿ ಬರುತ್ತಿಲ್ಲ ಎಂದು ತಿಳಿಯಬೇಕು. ಬಿ.ಪಿ. ಯಂತ್ರ ಇದ್ದರೆ ಇನ್ನೂ ಒಳ್ಳೆಯದು, ಆದರೆ ಮೇಲಿನ ಅಂಕಿಯೊಂದನ್ನೇ ನೋಡಿ ಮೋಸಹೋಗಬೇಡಿ. 110/90 ಎಂದು ಬಂದರೆ ‘ಬಿ.ಪಿ. ಚೆನ್ನಾಗಿದೆ’ ಅನಿಸುತ್ತದೆ. ಎರಡರ ನಡುವಿನ ಅಂತರ ಬರೀ 20. ಆರೋಗ್ಯವಂತರಲ್ಲಿ ಅದು 40ರ ಆಜೂಬಾಜು. ದ್ರವ ಕಡಿಮೆಯಾದಾಗ ದೇಹ ರಕ್ತನಾಳಗಳನ್ನು ಬಿಗಿದು ಕೆಳಗಿನ ಅಂಕಿಯನ್ನು ಎತ್ತಿ ಹಿಡಿಯುತ್ತದೆ, ಮೇಲಿನದು ಕುಸಿಯುವುದು ಆಮೇಲೆ. ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದದ್ದು ತುರ್ತು ಸಂದರ್ಭ, ರೋಗಿ ಎದ್ದು ಕೂತು ಮಾತಾಡುತ್ತಿದ್ದರೂ ಸಹ.

ಪ್ಲೇಟ್‌ಲೆಟ್ ಭಯ

ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. ಡೆಂಗಿಯಲ್ಲಿ ಅದು ಇಳಿಯುವುದು ನಿರೀಕ್ಷಿತ, ಕೆಲವು ದಿನಗಳಲ್ಲಿ ತಾನಾಗಿ ಏರುವುದೂ ನಿರೀಕ್ಷಿತ. ರಕ್ತಸ್ರಾವ ಇಲ್ಲದಿದ್ದರೆ ಮೂವತ್ತು ನಲವತ್ತು ಸಾವಿರಕ್ಕೆ ಇಳಿದವರಿಗೆ ಪ್ಲೇಟ್‌ಲೆಟ್ ಏರಿಸಬೇಕಾಗಿಲ್ಲ. ಸಾಮಾನ್ಯವಾಗಿ ಹತ್ತು ಸಾವಿರಕ್ಕಿಂತ ಕೆಳಗಿಳಿದಾಗ ಅಥವಾ ಕಣ್ಣಿಗೆ ಕಾಣುವ ರಕ್ತಸ್ರಾವ ಇದ್ದಾಗ ವೈದ್ಯರು ಅದನ್ನು ಯೋಚಿಸುತ್ತಾರೆ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ, ಇಪ್ಪತ್ತು ಸಾವಿರ ಅಥವಾ ಅದಕ್ಕೂ ಕೆಳಗೆ ಇಳಿದಿದ್ದ ವಯಸ್ಕ ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಏರಿಸಿಕೊಂಡವರಲ್ಲಿ ರಕ್ತಸ್ರಾವವೇನೂ ಕಡಿಮೆಯಾಗಲಿಲ್ಲ. ಅಲರ್ಜಿಯಂಥ ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು. ಹಾಗಾಗಿ ‘ಒಂದು ಬಾಟಲ್ ಏರಿಸಿಬಿಡಿ, ದುಡ್ಡು ಎಷ್ಟಾದರೂ ಆಗಲಿ’ ಎಂದು ವೈದ್ಯರ ಮೇಲೆ ಒತ್ತಡ ಹೇರಬೇಡಿ. ಯಂತ್ರದ ಎಣಿಕೆಯಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಅಂಕಿ ಕಡಿಮೆ ಬರುವುದೂ ಇದೆ. ವಿಪರೀತ ಕಡಿಮೆ ಕಂಡರೆ ಗಾಜಿನ ಸ್ಲೈಡಿನ ಮೇಲೆ ನೋಡಿ ಖಚಿತಪಡಿಸಲು ಹೇಳಿ.

ಪರಂಗಿ ಎಲೆಯ ರಸದ ಮೇಲೆ ನಮ್ಮ ಜನಕ್ಕಿರುವ ನಂಬಿಕೆ ದೊಡ್ಡದು. ಕೆಲವು ಸಣ್ಣ ಅಧ್ಯಯನಗಳಲ್ಲಿ ಪ್ಲೇಟ್‌ಲೆಟ್ ತುಸು ಬೇಗ ಏರಿದ್ದು ಕಂಡಿದೆ. ಪ್ಲಾಸ್ಮಾ ಸೋರಿಕೆಯನ್ನು ಅದು ತಡೆಯುತ್ತದೆ, ಜೀವ ಉಳಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆ ಕಹಿ ರಸ ಕುಡಿದು ವಾಂತಿಯಾದರೆ ಒಳಗಿದ್ದ ಗಂಜಿ, ಒಆರ್‌ಎಸ್ ಕೂಡ ಹೊರಬರುತ್ತದೆ. ರೋಗಿಗೆ ಒಗ್ಗದಿದ್ದರೆ ಬಲವಂತ ಮಾಡಬೇಡಿ ಎಂದಷ್ಟೇ ನನ್ನ ಮನವಿ.

ಡ್ರಿಪ್ ವಿಷಯದಲ್ಲೂ ಇದೇ ಮಾತು. ಸೋರಿಕೆಯ ಹೊತ್ತಿನಲ್ಲಿ ಅಳೆದು ಕೊಡುವ ಸಲೈನ್ ಜೀವ ಉಳಿಸುತ್ತದೆ. ಚೇತರಿಕೆ ಶುರುವಾದ ಮೇಲೆ ಹೊರಗಿದ್ದ ದ್ರವವೇ ರಕ್ತಕ್ಕೆ ಮರಳುತ್ತಿರುತ್ತದೆ. ಆಗಲೂ ಬಾಟಲಿ ಏರಿಸುತ್ತ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ವೈದ್ಯರು ಡ್ರಿಪ್ ನಿಲ್ಲಿಸಿದರೆ ನಿರ್ಲಕ್ಷ್ಯ ಮಾಡಿದರೆಂದು ಜಗಳಕ್ಕೆ ಹೋಗಬಾರದು.

ಪರೀಕ್ಷೆಗೂ ದಿನದ ಲೆಕ್ಕ ಬೇಕು. ಮೊದಲ ಐದು ದಿನ ಎನ್‌ಎಸ್1, ಐದನೆಯ ದಿನದ ನಂತರ ಐಜಿಎಂ ಎಂಬ ಪ್ರತಿಕಾಯದ ಪರೀಕ್ಷೆ. ಮೊದಲ ದಿನವೇ ಐಜಿಎಂ ಮಾಡಿಸಿ ‘ನೆಗೆಟಿವ್ ಬಂತು’ ಎಂದು ನೆಮ್ಮದಿಯಾಗುವುದರಲ್ಲಿ ಅರ್ಥವಿಲ್ಲ. ಕಾರ್ಡ್ ಪರೀಕ್ಷೆಗಿಂತ ಎಲಿಸಾ ವಿಧಾನ ನಂಬಿಕಸ್ಥ. ಖಾಸಗಿ ಪ್ರಯೋಗಾಲಯಗಳು ಬೇಕಾಬಿಟ್ಟಿ ವಸೂಲು ಮಾಡದಂತೆ ರಾಜ್ಯ ಸರ್ಕಾರ 2024ರಲ್ಲಿ ಈ ಎರಡೂ ಎಲಿಸಾ ಪರೀಕ್ಷೆಗಳಿಗೆ ತಲಾ 300 ರೂಪಾಯಿ ಮಿತಿ ಹಾಕಿತು. ಫಲಿತಾಂಶ ಏನೇ ಬರಲಿ, ಲಕ್ಷಣ ಡೆಂಗಿಯದ್ದಾಗಿದ್ದರೆ ಕುಡಿಸುವುದು, ಮೂತ್ರ ಬರೆದಿಡುವುದು ನಿಲ್ಲಬಾರದು.

ಒರಳುಕಲ್ಲು, ಅಡಿಕೆ ಹಾಳೆ, ಬ್ಯಾರಲ್

ಡೆಂಗಿ ತರುವ ಈಡಿಸ್ ಸೊಳ್ಳೆ ಚರಂಡಿಯದಲ್ಲ, ಮನೆಯದು. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಹಗಲು ಕಚ್ಚುತ್ತದೆ, ಸೂರ್ಯ ಹುಟ್ಟಿದ ಮೇಲಿನ ಎರಡು ಮೂರು ಗಂಟೆ ಮತ್ತು ಮುಳುಗುವ ಮುಂಚಿನ ಹೊತ್ತಿನಲ್ಲಿ ಹೆಚ್ಚು. ಮೊಟ್ಟೆ ಇಡುವುದು ನಿಂತ ತಿಳಿನೀರಿನ ಪಾತ್ರೆಯ ಒಳಮೈಗೆ, ನೀರಿನ ಅಂಚಿನ ತುಸು ಮೇಲೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಮುಟ್ಟಿದಾಗ ಮರಿಯಾಗುತ್ತದೆ. ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ಗಸಗಸ ಉಜ್ಜಬೇಕು ಎನ್ನುವುದು ಅದಕ್ಕೆ.

ಮಲೆನಾಡು, ಕರಾವಳಿಯ ತೋಟಗಳಲ್ಲಿ ಉದುರಿಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಚಿಪ್ಪು, ತೆಂಗಿನ ಕರಟ ಇವೇ ಸೊಳ್ಳೆಯ ತೊಟ್ಟಿಲು. ಟ್ಯಾಪಿಂಗ್ ಇಲ್ಲದ ಮಳೆಗಾಲದಲ್ಲಿ ಚಿಪ್ಪುಗಳನ್ನು ಬೋರಲು ಹಾಕಿ. ವಾರಕ್ಕೋ ಹದಿನೈದು ದಿನಕ್ಕೋ ನಲ್ಲಿ ಬರುವ ಉತ್ತರ ಕರ್ನಾಟಕದ ಊರುಗಳಲ್ಲಿ ಬ್ಯಾರಲ್, ಸಿಮೆಂಟ್ ತೊಟ್ಟಿಯಲ್ಲಿ ನೀರು ಹಿಡಿದಿಡದೆ ಗತಿಯಿಲ್ಲ. ಅಲ್ಲಿ ನೀರು ಚೆಲ್ಲಿ ಎಂದು ಹೇಳುವುದು ಅನ್ಯಾಯ. ಬಾಯಿಗೆ ಹತ್ತಿ ಬಟ್ಟೆ ಬಿಗಿದು ಕಟ್ಟುವುದೇ ಉಪಾಯ. ದೊಡ್ಡ ತೊಟ್ಟಿಗೆ ಗಪ್ಪಿ ಅಥವಾ ಗಂಬೂಸಿಯ ಮೀನು ಬಿಡಬಹುದು. ಬೆಂಗಳೂರಿನಲ್ಲಿ ಸಂಪಿನ ಮುಚ್ಚಳದ ಸಂದಿ, ಫ್ರಿಜ್ಜಿನ ಹಿಂದಿನ ತಟ್ಟೆ, ಮನಿ ಪ್ಲಾಂಟ್ ಬಾಟಲಿ, ಕುಂಡದ ಕೆಳಗಿನ ತಟ್ಟೆ. ಹಿತ್ತಲಿಗೆ ಹಾಕಿದ ಹಳೆಯ ಒರಳುಕಲ್ಲಿನ ಗುಳಿಯಲ್ಲಿ ಮಳೆನೀರು ನಿಂತಿದೆಯೇ ಎಂದೊಮ್ಮೆ ನೋಡಿ. ಅದನ್ನು ಮರಳಿನಿಂದ ತುಂಬಿಬಿಡಿ.

ಮರಿ ಇದೆಯೇ ಎಂದು ತಿಳಿಯಲು ಬ್ಯಾರಲ್ಲಿನ ಮುಚ್ಚಳ ಮೆಲ್ಲಗೆ ತೆಗೆದು ಮೊಬೈಲ್ ಟಾರ್ಚ್ ಬಿಡಿ. ಉಸಿರಾಡಲು ಮೇಲೆ ಬಂದು ತಲೆಕೆಳಗಾಗಿ ತೂಗುತ್ತಿದ್ದ ಎಳೆಯಂಥ ಹುಳಗಳು ಬೆಳಕು ಬಿದ್ದದ್ದೇ ಕೊಂಕುತ್ತ ತಳಕ್ಕೆ ಇಳಿಯುತ್ತವೆ. ಅವೇ ಸೊಳ್ಳೆಯ ಮರಿಗಳು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಆದ್ದರಿಂದ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು ಉಜ್ಜಿದರೆ ಒಂದು ತಲೆಮಾರೂ ಹಾರಲಾರದು. ಬೀದಿಯಲ್ಲಿ ಬಿಡುವ ಹೊಗೆ ಹಾರಾಡುವ ಸೊಳ್ಳೆಗಳನ್ನಷ್ಟೇ ಕೊಲ್ಲುತ್ತದೆ, ಮನೆಯೊಳಗಿನ ಮರಿಗಳಿಗೆ ಏನೂ ಆಗುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡದ ನಿಯಮವನ್ನೂ ತಂದಿತು. ದಂಡಕ್ಕಿಂತ ಅಕ್ಕಪಕ್ಕದ ನಾಲ್ಕು ಮನೆ ಒಟ್ಟಾಗುವುದು ಮುಖ್ಯ. ಈಡಿಸ್ ಹೆಚ್ಚು ದೂರ ಹಾರುವ ಸೊಳ್ಳೆಯಲ್ಲ. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದೋ ನೆರೆಮನೆಯದೋ ಆಗಿರುವುದೇ ಹೆಚ್ಚು.

ರೋಗಿಯನ್ನು ಜ್ವರ ಇರುವಷ್ಟು ದಿನ ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಆ ದಿನಗಳಲ್ಲಿ ಅವರ ರಕ್ತದಲ್ಲಿ ವೈರಸ್ ತುಂಬಿರುತ್ತದೆ; ಅವರನ್ನು ಕಚ್ಚಿದ ಸೊಳ್ಳೆ ಮುಂದೆ ಮನೆಯ ಉಳಿದವರಿಗೆ ಅದನ್ನು ದಾಟಿಸುತ್ತದೆ.

ವಾಸಿಯಾದ ಮೇಲೆ ಕೆಲವು ವಾರ ಸುಸ್ತು ಕಾಡಬಹುದು. ಎರಡು ಮೂರು ತಿಂಗಳಿಗೆ ಕೂದಲು ಉದುರತೊಡಗಿದರೆ ಗಾಬರಿ ಬೇಡ, ಮತ್ತೆ ಬರುತ್ತದೆ. ರಕ್ತದಾನ ಮಾಡುವವರು ಪೂರ್ತಿ ಗುಣವಾಗಿ ಆರು ತಿಂಗಳು ಕಾಯಬೇಕು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದು ಮತ್ತೆ ಬರುವುದಿಲ್ಲ, ಉಳಿದ ಮೂರರಿಂದ ಸಿಗುವ ರಕ್ಷಣೆ ಕೆಲವೇ ತಿಂಗಳು. ಎರಡನೆಯ ಸಲ ಬೇರೆ ಬಗೆ ತಗುಲಿದಾಗ ಹಳೆಯ ಪ್ರತಿಕಾಯಗಳೇ ವೈರಸ್ಸಿಗೆ ಜೀವಕೋಶದ ಬಾಗಿಲು ತೆರೆದುಕೊಡಬಹುದು. ತೀವ್ರ ಡೆಂಗಿ ಹೆಚ್ಚಾಗಿ ಕಾಣುವುದು ಆಗ. ಆದ್ದರಿಂದ ಎನ್‌ಎಸ್1, ಐಜಿಎಂ, ಸಿಬಿಸಿ ವರದಿಗಳ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ವೈದ್ಯರ ಮುಂದೆ ಕೂತಾಗ ಮೊದಲು ಹೇಳಬೇಕಾದ್ದು ಎರಡು ಮಾತು: ಜ್ವರ ಶುರುವಾದ ತಾರೀಖು, ಹಿಂದೆ ಡೆಂಗಿ ಬಂದ ವರ್ಷ.